ಕೊಟ್ಟುದನ್ನು ಹಿಂತೆಗೆಯಬಹುದೆ?

ಹಂಪೆಯ ವಿರೂಪಾಕ್ಷನ ಗುಡಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ ಶಾಸನವನ್ನು ವಾಚಕರು ಕಂಡಿರಬಹುದು. ದೇವರಿಗೆ ಕೊಟ್ಟ ದತ್ತಿಯು ಸೂರ್ಯಚಂದ್ರರಿರುವವರೆಗೆ ನಡೆಯತಕ್ಕುದೆಂಬುದು ಆ ಕಾಲದ ಶಾಸನಗಳ ವಾಡಿಕೆಯ ಮಾತು. ಗೃಹಸ್ಥನು ತನ್ನವರಿಗಾಗಿ ಬರೆಯಿಸುವ ಟ್ರಸ್ಟಿಗೂ ಅಂತಹ ಸ್ಥಿರತೆ ಬೇಕೆ?

ಒಬ್ಬನಿಗೆ ಹೊಸಪೇಟೆಯಲ್ಲಿ ಮನೆಯೂ ಕಂಪ್ಲಿಯಲ್ಲಿ ಎರಡು ಅಂಗಡಿಗಳೂ ಸ್ವಾರ್ಜಿತವಾಗಿ ಉಂಟು. ತಂದೆಯಿಲ್ಲದ ಮೊಮ್ಮಗಳು ಸಂಡೂರಿನಲ್ಲಿ ಓದುತ್ತಿರುವಳು ಎಂದು ಭಾವಿಸೋಣ. ಅಂಗಡಿಗಳ ಬಾಡಿಗೆ ಅವಳಿಗೆ ಸಲ್ಲಲೆಂದು ಅವನು ಟ್ರಸ್ಟು ಮಾಡಿದರೆ, ಖಾಸಗಿ ಟ್ರಸ್ಟುಗಳಿಗೆ ಅನ್ವಯಿಸುವ 1882ರ ಕಾಯಿದೆಯಂತೆ ಆ ಪತ್ರವು ರಿಜಿಸ್ಟರಾಗತಕ್ಕುದು. ರದ್ದುಪಡಿಸುವ ಹಕ್ಕನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಉಳಿಸಿಕೊಂಡಿದ್ದರೆ ಮಾತ್ರ ಮುಂದೆ ತಾನೊಬ್ಬನೇ ಹಿಂತೆಗೆಯಬಹುದು. ಪತ್ರವು ಮೌನವಾಗಿದ್ದರೆ ಫಲಾನುಭವಿಗಳೆಲ್ಲರ ಒಪ್ಪಿಗೆ ಬೇಕು. 18 ವರ್ಷ ತುಂಬದ ಬಾಲಿಕೆ ಅದನ್ನು ಕೊಡಲಾರಳು.

ಹಿಂತೆಗೆಯಬಲ್ಲ ಟ್ರಸ್ಟಿನಲ್ಲಿ ಕಷ್ಟಕಾಲಕ್ಕೆ ಆಸ್ತಿಯು ಕೈಸೇರುವುದು. ಆದರೆ ಬಾಡಿಗೆಯ ವರಮಾನ ತೆರಿಗೆಯು ಸಾಮಾನ್ಯವಾಗಿ ಕೊಟ್ಟವನ ಮೇಲೆಯೇ ಬೀಳುವುದು. ಮುಪ್ಪಿನಲ್ಲಿ ಯಾರಾದರೂ ಅವನ ಮನಸ್ಸನ್ನು ತಿರುಗಿಸಿ ರದ್ದು ಮಾಡಿಸಲೂಬಹುದು. ಹಿಂತೆಗೆಯಲಾಗದುದರಲ್ಲಿ ಮೊಮ್ಮಗಳ ಪಾಲು ಭದ್ರ. ಆದರೆ ತನ್ನ ಔಷಧಕ್ಕೆಂದರೂ ಅವನು ಅಂಗಡಿಯನ್ನು ಮಾರಲಾರನು. ಸಾಲ ಕೊಟ್ಟವರನ್ನು ವಂಚಿಸಲೆಂದು ಮಾಡಿದುದಾದರೆ, ಅವರು ಆಕ್ಷೇಪಿಸಿದಲ್ಲಿ ಎರಡೂ ನಿಲ್ಲವು.

ಆದುದರಿಂದ ತನ್ನ ಮುಪ್ಪಿಗೆ ಬೇಕಾದುದನ್ನು ಮೊದಲು ಬೇರೆಯಿಟ್ಟು, ಯಾವುದಿಲ್ಲದೆಯೂ ತಾನು ಬಾಳಬಲ್ಲನೋ ಅಷ್ಟನ್ನೇ ಸ್ಥಿರವಾದ ಟ್ರಸ್ಟಿಗೆ ಒಪ್ಪಿಸುವುದು ವಿವೇಕ. ಮನಸ್ಸು ಇನ್ನೂ ನಿಲ್ಲದವರಿಗೆ ಮರಣಶಾಸನವುಂಟು. ಬುದ್ಧಿ ಸ್ವಸ್ಥವಾಗಿರುವವರೆಗೆ ಅದನ್ನು ಎಷ್ಟು ಬಾರಿಯಾದರೂ ಬದಲಿಸಬಹುದು.