ಹೆಬ್ಬೆರಳಿನಷ್ಟು ಚೌಕದಲ್ಲಿ ಒಂದು ನಾಯಿಮರಿ

ಪ್ಲೇ ಸ್ಟೋರ್ ತೆರೆದು ‘ಪೆಟ್ ಕೇರ್’ ಎಂದು ಹುಡುಕಿ ನೋಡಿ. ದೊಡ್ಡ ಕಣ್ಣಿನ ನಾಯಿಮರಿ, ದೊಡ್ಡ ಕಣ್ಣಿನ ಬೆಕ್ಕು, ದೊಡ್ಡ ಕಣ್ಣಿನ ಪಾಂಡಾ ಸಾಲಾಗಿ ನಿಂತು ನಿಮ್ಮನ್ನೇ ನೋಡುತ್ತವೆ. ಕೆಲವಕ್ಕೆ ಜ್ವರ, ಕೆಲವಕ್ಕೆ ಬ್ಯಾಂಡೇಜು, ಇನ್ನು ಕೆಲವು ಮಳೆಯಲ್ಲಿ ನಡುಗುತ್ತಾ ಅಳುತ್ತಿರುತ್ತವೆ. ಆ ಗುಂಪಿನಲ್ಲಿ ನಮ್ಮದೂ ಒಂದು ಚೌಕ ಕಣ್ಣಿಗೆ ಬೀಳುವಂತೆ ಮಾಡುವುದು ನನ್ನ ಉದ್ಯೋಗ. ಪುಣೆಯ ಬಾಣೇರ್‌ನಲ್ಲಿರುವ ಎಂಟು ಜನರ ಗೇಮ್ ಸ್ಟುಡಿಯೊದಲ್ಲಿ ನಾನು ಆರ್ಟಿಸ್ಟ್. ಆಟದ ಒಳಗಿನ ಚಿತ್ರ ಬರೆಯುವವರು ಬೇರೆ. ಆಟದ ಅಂಗಡಿ ಮುಂಭಾಗ, ಅಂದರೆ ಐಕಾನ್, ಬ್ಯಾನರ್, ಸ್ಕ್ರೀನ್‌ಶಾಟ್‌ಗಳು ನನ್ನ ಪಾಲು.

ಗೂಗಲ್‌ಗೆ ಐಕಾನ್ ಕೊಡಬೇಕಾದದ್ದು 512×512 ಪಿಕ್ಸೆಲ್‌ನಲ್ಲಿ, ಆ್ಯಪಲ್‌ಗೆ 1024×1024ರಲ್ಲಿ. ನಾವು ಬರೆಯುವುದು ದೊಡ್ಡ ಪರದೆಯ ಮೇಲೆ. ಜನ ನೋಡುವುದು ಹೆಬ್ಬೆರಳಿನಷ್ಟು ಜಾಗದಲ್ಲಿ, ಅದೂ ಬಸ್ಸಿನಲ್ಲಿ ನಿಂತು, ಪರದೆ ಜಾರಿಸುತ್ತಾ. ಹಾಗಾಗಿ ಮೊದಲು ಚಿತ್ರವನ್ನು ಸಣ್ಣದು ಮಾಡಿ, ಬಣ್ಣ ತೆಗೆದು ಬೂದು ಮಾಡಿ ನೋಡುತ್ತೇನೆ. ಆಗಲೂ ಅದು ನಾಯಿ ಎಂದು ಗೊತ್ತಾದರೆ ಸರಿ. ಗೊತ್ತಾಗದಿದ್ದರೆ ಎಷ್ಟು ಚೆಂದದ ಕೂದಲು ಬರೆದಿದ್ದರೂ ದಂಡ. ನಮ್ಮ ಕಂದು ಮರಿಯ ಹಿಂದೆ ಮೊದಲು ಹಸಿರು ಹುಲ್ಲಿತ್ತು. ಬೂದು ಮಾಡಿದಾಗ ಹುಲ್ಲೂ ನಾಯಿಯೂ ಒಂದೇ ಆಗಿ ಕಂಡವು. ಹುಲ್ಲು ಹೋಗಿ ತಿಳಿ ನೀಲಿ ಬಂತು.

ಕಣ್ಣು ಯಾಕೆ ಅಷ್ಟು ದೊಡ್ಡದು ಎಂದು ಸ್ನೇಹಿತರು ಕೇಳುತ್ತಾರೆ. 1943ರಲ್ಲಿ ಕೊನ್ರಾಡ್ ಲೊರೆನ್ಜ್ ಎಂಬ ಪ್ರಾಣಿವರ್ತನೆಯ ವಿಜ್ಞಾನಿ ಅದಕ್ಕೆ ಕಾರಣ ಬರೆದಿಟ್ಟಿದ್ದಾರೆ: ದೊಡ್ಡ ತಲೆ, ಉಬ್ಬಿದ ಹಣೆ, ದೊಡ್ಡ ಕಣ್ಣು, ದುಂಡು ಕೆನ್ನೆ ಕಂಡರೆ ನಮ್ಮೊಳಗೆ ಮಗುವನ್ನು ಎತ್ತಿಕೊಳ್ಳುವ ಆಸೆ ಏಳುತ್ತದೆ. ಕಾರ್ಟೂನಿನವರು ಇದನ್ನು ಅನುಭವದಿಂದಲೇ ಕಂಡುಕೊಂಡಿದ್ದರು. ಮಿಕ್ಕಿ ಮೌಸ್‌ನ ತಲೆ, ಕಣ್ಣುಗಳು ವರ್ಷ ಕಳೆದಂತೆ ಹೇಗೆ ದೊಡ್ಡದಾದವು ಎಂಬುದರ ಮೇಲೆ ಸ್ಟೀಫನ್ ಜೇ ಗೂಲ್ಡ್ ಒಂದು ಪ್ರಬಂಧವನ್ನೇ ಬರೆದಿದ್ದಾರೆ.

ಇಲ್ಲೊಂದು ಸೂಕ್ಷ್ಮವಿದೆ. ಕಣ್ಣು ದೊಡ್ಡದಾಗಲಿ ಎಂದು ಹಲವರು ಪಾಪೆಯ ಸುತ್ತ ಬಿಳಿಭಾಗವನ್ನು ಬೆಳೆಸುತ್ತಾರೆ. ನಿಜವಾದ ನಾಯಿಯ ಕಣ್ಣಲ್ಲಿ ಬಿಳಿ ಎದ್ದು ಕಂಡರೆ ಅದು ಹೆಚ್ಚಾಗಿ ಹೆದರಿದೆ ಎಂದರ್ಥ. ನಮ್ಮ ಆಟ ಆಡುವವರಲ್ಲಿ ಚಿಕ್ಕ ಮಕ್ಕಳೇ ಹೆಚ್ಚು. ಹೆದರಿದ ನಾಯಿಯನ್ನು ಮುದ್ದಿನ ನಾಯಿ ಎಂದು ಅವರಿಗೆ ಕಲಿಸಿಕೊಡುವುದು ನನಗೆ ಸರಿ ಕಾಣಲಿಲ್ಲ. ಪಾಪೆಯನ್ನೇ ಕಪ್ಪಗೆ, ಅಗಲವಾಗಿ ಬರೆದು ಬಿಳಿಯನ್ನು ಮೂಲೆಗೆ ಸರಿಸಿದೆ. ಕಿವಿ ಸಡಿಲ, ಬಾಯಿ ಸ್ವಲ್ಪ ತೆರೆದಿದೆ, ಅಷ್ಟೆ. ಮನುಷ್ಯರಂತೆ ಹಲ್ಲು ಕಿಸಿಯುವ ನಾಯಿ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ಬರೀ ಮುಖವಿದ್ದರೆ ಅದು ಯಾವ ಆಟವೂ ಆಗಬಹುದು. ಆರೈಕೆಯ ಆಟ ಎಂದು ತಿಳಿಯಬೇಕಾದರೆ ಚಿತ್ರದಲ್ಲಿ ಒಂದು ಕೆಲಸ ನಡೆಯುತ್ತಿರಬೇಕು. ಬಾಚಣಿಗೆ ಹಾಕಿದೆ, ಮುಳ್ಳಿನಂತೆ ಕಂಡಿತು. ಅನ್ನದ ಬಟ್ಟಲು ಹಾಕಿದೆ, ಮುಖದ ಅರ್ಧ ಮುಚ್ಚಿತು. ಕೊನೆಗೆ ನಿಂತದ್ದು ನೊರೆ: ತಲೆಯ ಮೇಲೆ ಸೋಪಿನ ನೊರೆಯ ಗುಡ್ಡೆ, ಪಕ್ಕದಿಂದ ಬಂದ ಒಂದು ಕೈ. ಇಷ್ಟು ಸಣ್ಣ ಚೌಕದಲ್ಲೂ ಸ್ನಾನ ಮಾಡಿಸುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ಈಗ ಮುಧೋಳದ ವಿಷಯ. ಆಟದಲ್ಲಿ ಹಸ್ಕಿ, ಲ್ಯಾಬ್ರಡಾರ್ ಜೊತೆಗೆ ಎರಡು ದೇಸಿ ನಾಯಿಗಳಿರಲಿ ಎಂದು ಹಟ ಹಿಡಿದವನು ನಾನೇ. ಒಂದು ಬೀದಿಯ ಕಂದು ಮರಿ, ಇನ್ನೊಂದು ಮುಧೋಳ ಹೌಂಡ್. ಮರಾಠಿ ಸಹೋದ್ಯೋಗಿಗಳು ‘ಇದು ನಮ್ಮ ಕಾರವಾನ್ ಹೌಂಡ್ ಅಲ್ಲವೇ?’ ಎಂದರು. ಗಡಿ ವಿವಾದ ನಾಯಿಗೂ ಬಂತಲ್ಲ ಎಂದುಕೊಂಡು 2005ರಲ್ಲಿ ಅಂಚೆ ಇಲಾಖೆ ತಂದ ಮುಧೋಳ ಹೌಂಡ್ ಅಂಚೆಚೀಟಿಯನ್ನು ತೋರಿಸಿದೆ. ಊರಿಗೆ ಹೋದಾಗ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಕಡೆಗೂ ಸ್ಕೆಚ್ ಪುಸ್ತಕ ಹಿಡಿದು ಹೋಗಿದ್ದೆ.

ಆದರೆ ಲೊರೆನ್ಜ್ ಹೇಳಿದ ಒಂದು ಲಕ್ಷಣವೂ ಈ ನಾಯಿಗಿಲ್ಲ. ಉದ್ದ ಮೂತಿ, ಕಿರಿದಾದ ತಲೆ, ಒಳಗೆ ಸೆಳೆದ ಹೊಟ್ಟೆ. ಚೌಕದೊಳಗೆ ಹಾಕಿದರೆ ಮೂತಿ ಹೊರಗೆ ಹೋಗುತ್ತದೆ, ಮೂತಿ ಹಿಡಿಸಿದರೆ ಕಣ್ಣು ಸಾಸಿವೆಯಾಗುತ್ತದೆ. ಪರೀಕ್ಷೆಗೆಂದು ಆಡಿದವರು ಇನ್ನೊಂದು ದೂರು ತಂದರು: ಎಷ್ಟು ಊಟ ಹಾಕಿದರೂ ಈ ನಾಯಿ ಉಪವಾಸ ಇದ್ದಂತೆ ಕಾಣುತ್ತದೆ! ಮುಧೋಳದ ಹತ್ತಿರ ನಾಯಿ ಸಾಕಿರುವ ಕಾಕಾಗೆ ಫೋನ್ ಮಾಡಿ ಇದನ್ನು ಹೇಳಿದೆ. ‘ಅದು ಬ್ಯಾಟಿ ನಾಯಿ ತಮ್ಮಾ, ಎರಡು ಎಲುಬು ಕಾಣಲಿಕ್ಕೇಬೇಕು. ಮೈ ಬಂತಂದ್ರ ಮೊಲದ ಹಿಂದ ಓಡೂದು ಯಾರು, ನೀ ಓಡ್ತೀಯೇನು?’ ಎಂದರು.

ದಪ್ಪ ಮಾಡಿ ದುಂಡು ಮುಖ ಕೊಟ್ಟರೆ ಕೆಲಸ ಸುಲಭವಾಗುತ್ತಿತ್ತು, ಆದರೆ ಅದು ಮುಧೋಳ ಆಗುತ್ತಿರಲಿಲ್ಲ. ಐಕಾನನ್ನು ಬೀದಿಯ ಮರಿಗೆ ಬಿಟ್ಟುಕೊಟ್ಟೆ. ಮುಧೋಳಕ್ಕೆ 1024×500ರ ಅಗಲದ ಬ್ಯಾನರ್ ಕೊಟ್ಟೆ. ಅಲ್ಲಿ ಅದರ ಉದ್ದವೇ ಚೆಂದ: ಹಳ್ಳಿಮನೆಯ ಪಡಸಾಲೆ, ಒಂದು ಹೊರಸು, ಅದರ ಪಕ್ಕದಲ್ಲಿ ಮೈ ಚಾಚಿ ಮಲಗಿದ ನಾಯಿ. ವಿಡಿಯೊ ಇದ್ದರೆ ಗೂಗಲ್ ಬ್ಯಾನರಿನ ನಟ್ಟನಡುವೆ ಪ್ಲೇ ಗುಂಡಿ ಕೂರಿಸುತ್ತದೆ. ಹಾಗಾಗಿ ನಾಯಿಯ ಮುಖ ಎಡಕ್ಕೆ, ಆಟದ ಹೆಸರು ಬಲಕ್ಕೆ.

ಇಷ್ಟೆಲ್ಲ ಆದ ಮೇಲೆ ನಮ್ಮ ಮಾಲೀಕರು ಅಳುವ ಮರಿಯೊಂದರ ಐಕಾನ್ ಬೇಕು ಎಂದರು. ಮಳೆ, ಕೆಸರು, ಕಾಲಿಗೆ ಗಾಯ. ಅವರನ್ನು ದೂರುವಂತಿಲ್ಲ. ಹಿಂದಿನ ಆಟ ಓಡಿರಲಿಲ್ಲ, ಎಂಟು ಮನೆಗಳ ಪಗಾರ ಈ ಆಟದ ಮೇಲಿತ್ತು. ಸ್ಟೋರಿನ ಸಾಲಿನಲ್ಲಿ ಅಳುವ ಪ್ರಾಣಿಗಳು ಎಷ್ಟಿವೆ ಎಂದು ಅವರೂ ನೋಡಿದ್ದರು. ನನ್ನ ತಕರಾರು ಇಷ್ಟೆ: ನಮ್ಮ ಆಟದಲ್ಲಿ ಯಾವ ನಾಯಿಗೂ ಗಾಯವಾಗುವುದಿಲ್ಲ. ಸ್ನಾನ, ಊಟ, ಬಾಚುವುದು, ವಾಕಿಂಗ್. ಗಾಯಗೊಂಡ ಮರಿಯನ್ನು ಕಾಪಾಡಲು ಬಂದ ಮಗುವಿಗೆ ಒಳಗೆ ಸಿಗುವುದು ಶಾಂಪೂ. 2020ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ‘ಹೋಮ್‌ಸ್ಕೇಪ್ಸ್’ ಮತ್ತು ‘ಗಾರ್ಡನ್‌ಸ್ಕೇಪ್ಸ್’ ಆಟಗಳ ಎರಡು ಜಾಹೀರಾತುಗಳನ್ನು ತಡೆದದ್ದು ಇಂಥದೇ ಕಾರಣಕ್ಕೆ. ತೋರಿಸಿದ್ದು ಒಂದು, ಆಟದಲ್ಲಿ ಹೆಚ್ಚಾಗಿ ಇದ್ದದ್ದು ಇನ್ನೊಂದು.

ಪ್ಲೇ ಕನ್ಸೋಲ್‌ನಲ್ಲಿ ಎರಡು ಐಕಾನ್‌ಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ ಹೋಲಿಸುವ ಸೌಲಭ್ಯವಿದೆ. ಮಾಲೀಕರು ಎರಡನ್ನೂ ಹಾಕಿಸಿದರು. ಅಳುವ ಮರಿಯೇ ಹೆಚ್ಚು ಜನರನ್ನು ಕರೆತಂತು, ಇದನ್ನು ಮುಚ್ಚಿಡುವುದಿಲ್ಲ. ಆದರೆ ಮರುದಿನ ಆಟ ಉಳಿಸಿಕೊಂಡವರ ಲೆಕ್ಕ ನೋಡಿದರೆ ಆ ಮುನ್ನಡೆ ಹೆಚ್ಚುಕಡಿಮೆ ಕರಗಿಹೋಗಿತ್ತು. ಗಾಯದ ನಾಯಿ ಎಲ್ಲಿ ಎಂದು ಮಗಳು ಹುಡುಕುತ್ತಲೇ ಇದ್ದಾಳೆ ಎಂದು ಒಬ್ಬ ತಾಯಿ ರಿವ್ಯೂ ಬರೆದಿದ್ದರು, ಒಂದು ಸ್ಟಾರ್ ಕೊಟ್ಟು. ಅಂಕಿಗಳು ಯಾವ ಕಡೆಗೂ ತೀರ್ಪು ಕೊಡಲಿಲ್ಲ. ಮಾಲೀಕರು ಆ ರಿವ್ಯೂವನ್ನು ಎರಡು ಸಲ ಓದಿ, ‘ನೊರೆಯದೇ ಇರಲಿ’ ಎಂದರು.

ಸ್ಕ್ರೀನ್‌ಶಾಟ್‌ಗಳಲ್ಲಿ ಮೊದಲ ಎರಡು ಮೂರನ್ನೇ ಜನ ನೋಡುವುದು. ಆಟದ ನಿಜವಾದ ಪರದೆಯನ್ನೇ ತೋರಿಸಬೇಕು, ಬರೀ ಶೀರ್ಷಿಕೆಯ ಚಿತ್ರ ಸಾಲದು ಎಂದು ಆ್ಯಪಲ್‌ನ ನಿಯಮವೇ ಇದೆ. ನಮ್ಮ ಎರಡನೆಯ ಚಿತ್ರದ ತಿಂಡಿ ತಟ್ಟೆಯಲ್ಲಿ ಯಾರೋ ಚಾಕೊಲೇಟು, ದ್ರಾಕ್ಷಿ ಇಟ್ಟಿದ್ದರು, ಬಣ್ಣಕ್ಕೆ ಚೆಂದ ಎಂದು. ಎರಡೂ ನಾಯಿಗೆ ವಿಷ. ಚಿತ್ರದಿಂದಷ್ಟೇ ಅಲ್ಲ, ಆಟದಿಂದಲೇ ತೆಗೆಸಿದೆವು. ಕುಂಬಳಕಾಯಿ, ಬೇಯಿಸಿದ ಮೊಟ್ಟೆ ಬಂದವು.

ಸ್ಟೋರಿನ ಕನ್ನಡ ಪುಟ ನಾನೊಬ್ಬನೇ ಮಾಡಿದ್ದು. ಆಫೀಸಿನಲ್ಲಿ ಕನ್ನಡ ಓದುವವರು ಬೇರೆ ಯಾರೂ ಇಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಗೆರೆಯ ಮೇಲೆ ಕುಳಿತುಬಿಡುತ್ತವೆ. ‘ಮುದ್ದು’ ಎಂಬ ಎರಡಕ್ಷರಕ್ಕೆ ಕೆಳಗೆ ಒತ್ತು, ಪಕ್ಕದಲ್ಲಿ ಕೊಂಬು. ಅದೇ ಜಾಗಕ್ಕೆ ತುರುಕಿದರೆ ಅಕ್ಷರ ಇರುವೆಯಾಗುತ್ತದೆ. ಫೋಟೊಶಾಪ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಹಾಕದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುವುದೂ ಉಂಟು. ಹೊರನಾಡಿನ ಎಷ್ಟೋ ಕನ್ನಡ ಬ್ಯಾನರ್‌ಗಳ ಗತಿ ಇದೇ. ನಾನು ಪದಗಳನ್ನು ಕಡಿಮೆ ಮಾಡಿ ಕೈಯಲ್ಲೇ ಅಕ್ಷರ ಬರೆದೆ.

ಕನ್ನಡ ಬ್ಯಾನರನ್ನು ಕಾಕಾಗೆ ವಾಟ್ಸ್‌ಆ್ಯಪ್ ಮಾಡಿದ್ದೆ. ರಾತ್ರಿ ಫೋನ್ ಬಂತು. ‘ನಾಯಿ ಚಲೋ ಬರದೀದಿ. ಆದ್ರ ಹೊರಸು ಖಾಲಿ ಇದ್ದಾಗ ಅದು ಹಂಗ ನೆಲದ ಮ್ಯಾಲ ಮಲಗೂದಿಲ್ಲ ತಮ್ಮಾ, ಹೊರಸಿನ ಮ್ಯಾಲೇ ಹತ್ತಿ ಮಲಗತೈತಿ.’ ಮುಂದಿನ ಅಪ್‌ಡೇಟ್‌ಗೆ ಅದನ್ನು ಹೊರಸಿನ ಮೇಲೆ ಹತ್ತಿಸುತ್ತಿದ್ದೇನೆ.