ದಾರಿ ತೋರಿಸುವ ಪೆಟ್ಟಿಗೆ: ರೂಟರ್



ಉತಾರ ತೆಗೆಸಲು ಹೋದರೂ, ಬೆಳೆ ವಿಮೆ ತುಂಬಲು ಹೋದರೂ ಒಮ್ಮೊಮ್ಮೆ "ಸರ್ವರ್ ಇಲ್ಲ, ನಾಳೆ ಬರ್ರಿ" ಅಂತಾರ. ಸರ್ವರ್ ಎಂದರೆ ದೂರದ ಊರಿನಲ್ಲಿ ಇರುವ ದೊಡ್ಡ ಕಂಪ್ಯೂಟರ್. ಆದರೆ ಎಷ್ಟೋ ಸಲ ಸರ್ವರ್ ಚೆನ್ನಾಗೇ ಇರತೈತಿ, ಅಲ್ಲಿಗೆ ಹೋಗುವ ದಾರಿ ಕಡಿದಿರತೈತಿ. ಆ ದಾರಿಯನ್ನು ತೋರಿಸುವ ಯಂತ್ರಕ್ಕೆ ರೂಟರ್ ಎನ್ನುತ್ತಾರೆ. ರೂಟ್ ಅಂದ್ರ ದಾರಿ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಈಗ ತಿಳಿಯೋಣ.

ಮೊದಲು ತುಂಡು, ಆಮೇಲೆ ಪ್ರಯಾಣ

ನಾವು ಒಂದು ಅರ್ಜಿಯನ್ನು ಬೆಂಗಳೂರಿನ ಕಂಪ್ಯೂಟರಿಗೆ ಕಳಿಸುತ್ತೇವೆ ಎನ್ನಿ. ಅದು ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಈ ತುಂಡಿಗೆ ಪ್ಯಾಕೆಟ್ ಎಂದು ಹೆಸರು. ಒಂದು ಪ್ಯಾಕೆಟಿನಲ್ಲಿ ಸಾಮಾನ್ಯವಾಗಿ 1500 ಬೈಟ್ ತನಕ ಹಿಡಿಯುತ್ತದೆ. ಅರ್ಜಿ ಮತ್ತು ಫೋಟೋ ಸೇರಿ 3 ಲಕ್ಷ ಬೈಟ್ ಇದ್ದರೆ 200ಕ್ಕೂ ಹೆಚ್ಚು ಪ್ಯಾಕೆಟ್ ಆಗುತ್ತವೆ. ಪ್ರತಿಯೊಂದರ ಮೇಲೂ ಕಳಿಸಿದವರ ವಿಳಾಸ ಮತ್ತು ಮುಟ್ಟಬೇಕಾದವರ ವಿಳಾಸ ಇರುತ್ತದೆ. ವಿಳಾಸ ಅಂದ್ರ ಊರು, ಓಣಿ ಅಲ್ಲ. ಚುಕ್ಕಿ ಇಟ್ಟು ಬರೆದ ನಾಲ್ಕು ಸಂಖ್ಯೆಗಳು. ಒಂದೊಂದೂ 0 ರಿಂದ 255ರ ಒಳಗೆ. ಹೀಗೆ ಸುಮಾರು 429 ಕೋಟಿ ವಿಳಾಸ ಆಗುತ್ತವೆ. ಅವೂ ಸಾಲದೇ ಈಗ ಇನ್ನೂ ಉದ್ದದ ವಿಳಾಸಗಳು ಬಂದಿವೆ.

ರೂಟರ್ ಏನು ನೋಡುತ್ತದೆ?

ಇದಕ್ಕೆ ಟಪಾಲಿನ ಉದಾಹರಣೆ ತಗೊಳ್ಳೋಣ. ನಮ್ಮ ದೇಶದಲ್ಲಿ ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಹುಬ್ಬಳ್ಳಿ, ಧಾರವಾಡದ ಪಿನ್ 580 ರಿಂದ, ಬೆಂಗಳೂರಿನದು 560 ರಿಂದ ಶುರು. ಹುಬ್ಬಳ್ಳಿಯಲ್ಲಿ ಪತ್ರ ವಿಂಗಡಿಸುವವರು 560 ಎಂದು ನೋಡಿದ ಕೂಡಲೇ ಬೆಂಗಳೂರು ಚೀಲಕ್ಕೆ ಹಾಕುತ್ತಾರೆ. ಯಾವ ಓಣಿ, ಯಾವ ಮನೆ ಅಂತ ಅವರು ನೋಡುವುದಿಲ್ಲ. ಅದನ್ನು ಬೆಂಗಳೂರಿನವರು ನೋಡಿಕೊಳ್ಳುತ್ತಾರೆ.

ರೂಟರ್ ಕೂಡ ಹಂಗ. ವಿಳಾಸದ ಮೊದಲ ಭಾಗ ನೋಡುತ್ತದೆ. ತನ್ನ ಹತ್ತಿರ ಇರುವ ದಾರಿ ಪಟ್ಟಿಯಲ್ಲಿ ಹುಡುಕುತ್ತದೆ. "ಇಂಥ ವಿಳಾಸ ಬಂದರೆ ಈ ತಂತಿಗೆ ಕಳಿಸು" ಎಂದು ಅಲ್ಲಿ ಇರುತ್ತದೆ. ಅಷ್ಟೇ ಮಾಡುತ್ತದೆ. ಯಾವ ರೂಟರಿಗೂ ಪೂರ್ತಿ ದಾರಿ ತಿಳಿದಿರಬೇಕಾಗಿಲ್ಲ, ಮುಂದಿನ ಹೆಜ್ಜೆ ತಿಳಿದರೆ ಸಾಕು. ಮನೆಯಲ್ಲಿ ಗೋಡೆಗೆ ಹಾಕುವ ಕೋಡಿನ ಪೆಟ್ಟಿಗೆಯೂ ಒಂದು ರೂಟರೇ. ಅದರ ಪಟ್ಟಿ ಬಹಳ ಸಣ್ಣದು: ಮನೆಯದು ಮನೆಗೆ, ಉಳಿದದ್ದೆಲ್ಲ ಹೊರಗೆ.

ಒಂದು ಪ್ಯಾಕೆಟ್ ದಾರಿ ತಪ್ಪಿ ಸುತ್ತುತ್ತಲೇ ಇದ್ದರೆ? ಅದಕ್ಕೂ ಉಪಾಯ ಐತಿ. ಪ್ರತಿ ಪ್ಯಾಕೆಟಿನ ಮೇಲೆ 64 ಅಥವಾ 128ರಂಥ ಒಂದು ಸಂಖ್ಯೆ ಇರುತ್ತದೆ. ದಾಟುವ ಪ್ರತಿ ರೂಟರ್ ಅದರಲ್ಲಿ ಒಂದು ಕಳೆಯುತ್ತದೆ. ಸೊನ್ನೆಯಾದರೆ ಎಸೆದುಬಿಡುತ್ತದೆ. ಕಳೆದ ತುಂಡನ್ನು ಕಳಿಸಿದ ಕಂಪ್ಯೂಟರ್ ಮತ್ತೆ ಕಳಿಸುತ್ತದೆ.

ದಾರಿ ಕಡಿದರೆ ಏನಾಗುತ್ತದೆ?

ಹುಬ್ಬಳ್ಳಿ ಜಂಕ್ಷನ್ನಿನಿಂದ ಬೆಂಗಳೂರಿಗೆ ರೈಲು ಹಾವೇರಿ, ದಾವಣಗೆರೆ ಮೇಲೆ ಹೋಗುತ್ತದೆ. ಆ ಕಡೆ ಹಳಿ ಕೆಟ್ಟರೆ ಗದಗ, ಬಳ್ಳಾರಿ, ಗುಂತಕಲ್ ಸುತ್ತಿ ಹೋಗಬಹುದು. ದೂರ ಆಗತೈತಿ, ಆದರೆ ಮುಟ್ಟತೈತಿ. ರೂಟರುಗಳೂ ಹೀಗೇ ಬೇರೆ ದಾರಿ ಹಿಡಿಯುತ್ತವೆ. ಪಕ್ಕದ ರೂಟರುಗಳು ಒಂದಕ್ಕೊಂದು "ನಾನು ಇದ್ದೇನೆ" ಎಂದು ಹೇಳುತ್ತಲೇ ಇರುತ್ತವೆ. ಓಎಸ್‌ಪಿಎಫ್ ಎಂಬ ಪದ್ಧತಿಯಲ್ಲಿ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಹೇಳುತ್ತವೆ. 40 ಸೆಕೆಂಡು ದನಿ ಬರದಿದ್ದರೆ ಆ ದಾರಿ ಕಡಿದಿದೆ ಎಂದು ತಿಳಿದು, ಎಲ್ಲವೂ ತಮ್ಮ ಪಟ್ಟಿ ತಿದ್ದಿಕೊಳ್ಳುತ್ತವೆ. ಯಾರೂ ಬಂದು ಹೇಳಬೇಕಾಗಿಲ್ಲ.

ಇಂಥ ಯಂತ್ರಗಳನ್ನು ಮೊದಲು ಜೋಡಿಸಿದ್ದು ಅಮೆರಿಕದಲ್ಲಿ, 1969ರಲ್ಲಿ. ಆಗ ಒಂದೊಂದೂ ದೊಡ್ಡ ಫ್ರಿಜ್ಜಿನಷ್ಟು ಇತ್ತು. ಆ ವರ್ಷದ ಕೊನೆಗೆ ನಾಲ್ಕೇ ಸ್ಥಳಗಳು ಸೇರಿದ್ದವು. ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15 ರಿಂದ.

ನಮ್ಮ ಊರಿನ ಮಾತು

ಹಾಗಾದರೆ ನಮ್ಮೂರಾಗ ನೆಟ್ ಯಾಕ ನಿಲ್ಲತೈತಿ? ಹೋದ ವರ್ಷ ನೀರಿನ ಪೈಪಿಗಾಗಿ ರಸ್ತೆ ಬದಿ ಅಗೆಯುವಾಗ ಕೇಬಲ್ ಕಡಿಯಿತು. ಎರಡು ದಿನ ನೆಟ್ ಇರಲಿಲ್ಲ. ಬೆಳೆ ವಿಮೆ ತುಂಬುವ ಕೊನೆಯ ದಿನಗಳು ಅವು. ಹೆಸರು, ಗೋವಿನಜೋಳ ಬಿತ್ತಿದವರು ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಪೇಟೆಗೆ ಹೋಗಿ ತುಂಬಿದರು. ಹೋಗಲಾಗದವರು ಹಂಗೇ ಉಳಿದರು. ಎಲ್ಲರೂ "ಸರ್ವರ್ ಇಲ್ಲ" ಅಂದರು. ಸರ್ವರ್ ಇತ್ತು, ರೂಟರೂ ಸರಿ ಇತ್ತು. ಆದರೆ ನಮ್ಮೂರಿಗೆ ಬರುವ ಕೇಬಲ್ ಒಂದೇ. ರೂಟರ್ ಎಷ್ಟೇ ಜಾಣ ಇದ್ದರೂ ಎರಡನೇ ದಾರಿ ಇಲ್ಲದಿದ್ದರೆ ಏನು ಮಾಡೀತು?

ಗೆಳೆಯರೇ, ಇದಕ್ಕೆ ನಾವು ಮಾಡಬಹುದಾದ ಕೆಲಸ ಇವು:

1. ರಸ್ತೆ ಅಗೆಯುವ ಮೊದಲು ಕೇಬಲ್ ಎಲ್ಲಿದೆ ಎಂದು ಪಂಚಾಯತಿಯಲ್ಲಿ ಕೇಳಲು ದೊಡ್ಡವರಿಗೆ ಹೇಳಬೇಕು.

2. ಕೇಬಲ್ ಬರುವ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿದರೆ ಕಂಪ್ಯೂಟರ್ ಬಂದ್ ಮಾಡಿ ಮಾಡಿ ಚಾಲೂ ಮಾಡುತ್ತ ಕೂರದೆ, ಕೇಬಲ್ ಕಡಿದಿರಬಹುದು ಎಂದು ಕೂಡಲೇ ತಿಳಿಸಬೇಕು.

3. ಮಕ್ಕಳ ಗ್ರಾಮಸಭೆಯಲ್ಲಿ ಊರಿಗೆ ಎರಡನೇ ದಾರಿ ಕೇಳಬೇಕು. ಮೊಬೈಲ್ ಟವರ್ ಐತಲ್ಲ ಅನ್ನಬಹುದು. ಟವರಿಗೂ ಅದೇ ಕೇಬಲ್ ಹೋಗಿದ್ದರೆ ಎರಡೂ ಕೂಡಿಯೇ ನಿಲ್ಲುತ್ತವೆ. ಅದು ಎರಡನೇ ದಾರಿ ಅಲ್ಲ. ಇದನ್ನು ಮರೆಯದೇ ಕೇಳಿರಿ.

– 7ನೇ ತರಗತಿ