ಕಾಮಾಲೆಯ ವೈರಸ್ಸೂ ಅದರ ಕವಚವೂ

ಪಾವಗಡದ ಹೊಲಗಳಲ್ಲಿ ಕಡಲೆಕಾಯಿ ಕಿತ್ತವರಿಗೆ ಜೊಳ್ಳುಕಾಯಿಯ ಪರಿಚಯವುಂಟು: ಹೊರಗೆ ಸಿಪ್ಪೆ, ಒಳಗೆ ಬೀಜವಿಲ್ಲ. ಕಾಮಾಲೆಯನ್ನು ತರುವ ಹೆಪಟೈಟಿಸ್-ಬಿ ವೈರಸ್ಸೂ ಇಂತಹ ಜೊಳ್ಳನ್ನು ಹೇರಳವಾಗಿ ಹುಟ್ಟಿಸುತ್ತದೆ.

ಈ ವೈರಸ್ಸಿನ ವ್ಯಾಸ ಸುಮಾರು 42 ನ್ಯಾನೋಮೀಟರು. ಅದರ ಹೊರಕವಚದ ಪ್ರೋಟೀನುಗಳೇ ಯಕೃತ್ತಿನ ಜೀವಕೋಶವನ್ನು ಹಿಡಿದು ಒಳಹೊಗಲು ನೆರವಾಗುವುವು. ಸೋಂಕಿದ ಕೋಶವಾದರೋ ಅಗತ್ಯಕ್ಕಿಂತ ಎಷ್ಟೋ ಮಡಿ ಹೆಚ್ಚು ಕವಚವನ್ನು ತಯಾರಿಸಿ, ಸುಮಾರು 22 ನ್ಯಾನೋಮೀಟರಿನ ಬರಿಯ ಗೋಳಗಳನ್ನಾಗಿ ರಕ್ತಕ್ಕೆ ಬಿಡುತ್ತದೆ. ದೇಹದ ರಕ್ಷಣಾಶಕ್ತಿ ಈ ಜೊಳ್ಳಿನ ಮೇಲೆ ವ್ಯಯವಾಗಿ, ನಿಜವಾದ ವೈರಸ್ಸು ಉಳಿದುಕೊಳ್ಳುವುದೆಂದು ವಿಜ್ಞಾನಿಗಳ ಅಭಿಪ್ರಾಯ. ಯಕೃತ್ತನ್ನು ಕೆಡಿಸುವುದು ಬಹುಮಟ್ಟಿಗೆ ವೈರಸ್ಸಲ್ಲ. ಸೋಂಕಿದ ಕೋಶಗಳ ಮೇಲೆ ನಮ್ಮ ದೇಹವೇ ವರ್ಷಗಟ್ಟಲೆ ನಡೆಸುವ ಯುದ್ಧ. ಅದರಿಂದ ಯಕೃತ್ತು ಗಡುಸಾಗಬಹುದು, ಕ್ಯಾನ್ಸರೂ ತಲೆದೋರಬಹುದು.

ಅಮೆರಿಕದ ಬ್ಲೂಂಬರ್ಗರು 1965ರಲ್ಲಿ ವರದಿ ಮಾಡಿದ ‘ಆಸ್ಟ್ರೇಲಿಯಾ ಆಂಟಿಜೆನ್’ ಈ ಕವಚದ ಪ್ರೋಟೀನೇ. ಇಂದು ರಕ್ತಪರೀಕ್ಷೆಯಲ್ಲಿ ಹುಡುಕುವುದೂ ಇದನ್ನೇ. ಬೀಜವಿಲ್ಲದ ಕವಚ ರೋಗವನ್ನು ತಾರದು. ಆದರೆ ವೈರಸ್ಸಿನ ಗುರುತನ್ನು ದೇಹಕ್ಕೆ ಮೊದಲೇ ಕಲಿಸುವುದು. ಆದುದರಿಂದ 1986ರಿಂದ ಇದನ್ನು ಯೀಸ್ಟಿನಲ್ಲಿ ಬೆಳೆಸಿ ಲಸಿಕೆ ಮಾಡುತ್ತಿದ್ದಾರೆ.

ಹೆರಿಗೆಯಲ್ಲಿ ತಾಯಿಯಿಂದ ಸೋಂಕು ತಗುಲಿದ ಕೂಸುಗಳಲ್ಲಿ ನೂರಕ್ಕೆ ಸುಮಾರು 90ರಲ್ಲಿ ರೋಗ ಬೇರೂರುತ್ತದೆ. ಹುಟ್ಟಿದ 24 ಗಂಟೆಗಳೊಳಗೆ ಲಸಿಕೆಯನ್ನು ಆರಂಭಿಸಿದರೆ ಇದನ್ನು ಬಹುಪಾಲು ತಡೆಯಬಹುದು. ಮನೆಯಲ್ಲಿ ಕೂಸು ಹುಟ್ಟಿದಾಗ ವಾಚಕರು ಆ ಮೊದಲ ದಿನವನ್ನು ಮರೆಯಬಾರದು.